ವಿಂಡೋಸ್ 10 ಸಪೋರ್ಟ್ ಮುಗೀತು, ಅಂಗಡಿಯ ಮೂರು ಹಳೇ ಸಿಸ್ಟಮ್‌ಗೆ ಯಾವ ಲಿನಕ್ಸ್ ಹಾಕಲಿ?

ಮಲೆನಾಡ್_ಜೆರಾಕ್ಸ್

ಎಲ್ಲರಿಗೂ ನಮಸ್ಕಾರ. ಶಿಕಾರಿಪುರದ ಕಡೆ ಒಂದು ಜೆರಾಕ್ಸ್ ಮತ್ತು ಡಿಟಿಪಿ ಅಂಗಡಿ ನನ್ನದು. ಪಹಣಿ ತೆಗೆದುಕೊಡುವುದು, ಆನ್‌ಲೈನ್ ಅರ್ಜಿ ತುಂಬುವುದು, ಕಾಲೇಜು ಮಕ್ಕಳ ಪ್ರಾಜೆಕ್ಟ್ ಟೈಪಿಂಗ್, ಆಗಾಗ ಒಂದು ಕರಪತ್ರ, ಸೀಸನ್‌ನಲ್ಲಿ ಲಗ್ನಪತ್ರಿಕೆ. ಮೂರು ಸಿಸ್ಟಮ್ ಇವೆ.

ಮೊದಲನೆಯದು ಐ3 ಸೆಕೆಂಡ್ ಜನರೇಶನ್, ಎಚ್61 ಬೋರ್ಡ್, 4 ಜಿಬಿ ರ‍್ಯಾಮ್, ಹಳೇ 500 ಜಿಬಿ ಹಾರ್ಡ್‌ಡಿಸ್ಕ್. ಇದರಲ್ಲಿ ವಿಂಡೋಸ್ 10. ಎರಡನೆಯದು ಕೋರ್ 2 ಡ್ಯುಯೋ, ಜಿ31 ಬೋರ್ಡ್, 2 ಜಿಬಿ, ಇನ್ನೂ ವಿಂಡೋಸ್ 7ನಲ್ಲೇ ಓಡುತ್ತಿದೆ. ಕನ್ನಡ ಟೈಪಿಂಗ್‌ನ ನುಡಿ, ಡಿಸೈನ್ ಮಾಡುವ ಕೋರಲ್ ಡ್ರಾ ಎಲ್ಲ ಅದರಲ್ಲೇ ಇದೆ, ಕ್ಯಾನನ್ ಎಲ್‌ಬಿಪಿ 2900 ಪ್ರಿಂಟರ್ ಕೂಡ ಅದಕ್ಕೇ ಸಿಕ್ಕಿಸಿದೆ. ಮೂರನೆಯದು ಒಂದು ಪುಟ್ಟ ನೆಟ್‌ಬುಕ್, ಆಟಮ್ ಎನ್270, 1 ಜಿಬಿ ರ‍್ಯಾಮ್. ಸುಮ್ನೆ ಬಿದ್ದಿದೆ, ಆದರೆ ಬಿಸಾಡಲು ಮನಸ್ಸಿಲ್ಲ.

ಐ3ಗೆ ವಿಂಡೋಸ್ 11 ಬರುವುದಿಲ್ಲ ಅಂತ ಅದೇ ತೋರಿಸುತ್ತಿದೆ. ಸರ್ವಿಸ್ ಹುಡುಗ ಮೂರನ್ನೂ ಮಾರಿ ಹೊಸದು ತಗೊಳ್ಳಿ ಅಂತಾನೆ. ಈಗ ಅಷ್ಟು ದುಡ್ಡು ಹಾಕುವ ಹಾಗಿಲ್ಲ. ವಿಂಡೋಸ್ ಬದಲಿಗೆ ಲಿನಕ್ಸ್ ಅನ್ನುವ ಆಪರೇಟಿಂಗ್ ಸಿಸ್ಟಮ್‌ನ ಹಗುರವಾದ ಬಗೆ ಹಾಕಿದರೆ ಹಳೇ ಸಿಸ್ಟಮ್ ಹೊಸದರ ಹಾಗೆ ಓಡುತ್ತೆ ಅಂತ ಯೂಟ್ಯೂಬ್‌ನಲ್ಲಿ ಹೇಳುತ್ತಾರೆ. ಲಿನಕ್ಸ್‌ನಲ್ಲೇ ಹಲವು ಬಗೆ ಇವೆಯಂತೆ, ಒಬ್ಬರು ಪಪ್ಪಿ ಅಂತಾರೆ, ಇನ್ನೊಬ್ಬರು ಲುಬುಂಟು, ಮತ್ತೊಬ್ಬರು ಮಿಂಟ್. ಮೂರಕ್ಕೂ ಆಗುವಂಥದ್ದು ಯಾವುದು? ಕನ್ನಡ ಟೈಪಿಂಗ್ ಮತ್ತು ಪ್ರಿಂಟರ್ ನಡೆಯಲೇಬೇಕು. ನನಗೆ ಲಿನಕ್ಸ್ ಏನೂ ಗೊತ್ತಿಲ್ಲ, ಟೈಪಿಂಗ್ ಮಾತ್ರ ಚೆನ್ನಾಗಿ ಬರುತ್ತೆ.

ಗಣಕ_ಮೇಷ್ಟ್ರು

ಸರ್, ಮೂರಕ್ಕೂ ಒಂದೇ ಹುಡುಕುತ್ತಾ ಹೋದರೆ ಮೂರರಲ್ಲೂ ಕೆಲಸ ಕೆಡುತ್ತದೆ. ಯಾವ ಲಿನಕ್ಸ್ ಅನ್ನುವುದನ್ನು ಆಮೇಲೆ ನೋಡೋಣ. ಮೊದಲು ಯಾವ ಸಿಸ್ಟಮ್ ಇಂಟರ್‌ನೆಟ್‌ಗೆ ಹೋಗಬೇಕು, ಯಾವುದು ಹೋಗಬಾರದು ಅಂತ ತೀರ್ಮಾನ ಮಾಡಿ. ನಿಮ್ಮ ಅಂಗಡಿಯಲ್ಲಿ ಜನರ ಆಧಾರ್, ಬ್ಯಾಂಕ್ ಪಾಸ್‌ಬುಕ್, ಓಟಿಪಿ ಎಲ್ಲ ಓಡಾಡುತ್ತವೆ. ವಿಂಡೋಸ್ 7ಗೆ ಸೆಕ್ಯುರಿಟಿ ಅಪ್‌ಡೇಟ್ ನಿಂತಿದ್ದು 2020ರ ಜನವರಿ 14ಕ್ಕೆ. ಕ್ರೋಮ್ ಕೂಡ 2023ರ ಶುರುವಿನಲ್ಲಿ 109ನೇ ಆವೃತ್ತಿಗೇ ಅದನ್ನು ಕೈಬಿಟ್ಟಿತು. ಅಂಥ ಸಿಸ್ಟಮ್‌ನಲ್ಲಿ ಕೂತು ಬೇರೆಯವರ ನೆಟ್ ಬ್ಯಾಂಕಿಂಗ್ ತೆಗೆಯುವುದು ಬೇಡವೇ ಬೇಡ. ವಿಂಡೋಸ್ 10 ಕೂಡ 2025ರ ಅಕ್ಟೋಬರ್ 14ರಿಂದ ಅದೇ ದಾರಿ ಹಿಡಿದಿದೆ.

ಐ3 ನಿಮ್ಮ ಮುಖ್ಯ ಸಿಸ್ಟಮ್ ಆಗಲಿ. ಅದಕ್ಕೆ ತೀರಾ ಹಗುರವಾದ ಲಿನಕ್ಸ್ ಬೇಕಾಗಿಲ್ಲ. ಲಿನಕ್ಸ್ ಮಿಂಟ್ 22ರ ಎಕ್ಸ್‌ಎಫ್‌ಸಿಇ ಆವೃತ್ತಿ (ಹಗುರವಾದ ಡೆಸ್ಕ್‌ಟಾಪ್ ಇರುವುದು) ಸಾಕು. ಮೆನು, ಟಾಸ್ಕ್‌ಬಾರ್ ಎಲ್ಲ ವಿಂಡೋಸ್ 7 ನೋಡಿದವರಿಗೆ ಅರ್ಥವಾಗುವ ಹಾಗೇ ಇದೆ. ಅಪ್‌ಡೇಟ್ 2029ರ ತನಕ ಬರುತ್ತದೆ. ಲುಬುಂಟು 24.04 ಇನ್ನೂ ಸ್ವಲ್ಪ ಹಗುರ, ಆದರೆ ಅದರ ಅವಧಿ ಮೂರೇ ವರ್ಷ, 2027ರ ಏಪ್ರಿಲ್‌ಗೆ ಮುಗಿಯುತ್ತದೆ. ಸಪೋರ್ಟ್ ಮುಗಿದ ವಿಂಡೋಸ್ ಬಿಟ್ಟು, ಇನ್ನೇನು ಸಪೋರ್ಟ್ ಮುಗಿಯಲಿರುವ ಲಿನಕ್ಸ್ ಹಾಕಿಕೊಳ್ಳುವುದರಲ್ಲಿ ಏನು ಲಾಭ? ಯೂಟ್ಯೂಬ್‌ನವರು ಈ ತಾರೀಖನ್ನು ಹೇಳುವುದೇ ಇಲ್ಲ.

ಲಿನಕ್ಸ್‌ಗಿಂತ ಮುಂಚೆ ಒಂದು ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ ವೇಗದ ಡಿಸ್ಕ್) ಮತ್ತು ಇನ್ನೊಂದು 4 ಜಿಬಿ ಡಿಡಿಆರ್3 ರ‍್ಯಾಮ್ ಸ್ಟಿಕ್ ಹಾಕಿಸಿ. ಎಚ್61 ಬೋರ್ಡ್‌ನಲ್ಲಿ ಡಿಸ್ಕ್ ಸಿಕ್ಕಿಸುವ ಸಾಟಾ ಕನೆಕ್ಷನ್‌ನ ವೇಗ ಅರ್ಧದಷ್ಟೇ ಸಿಗುತ್ತದೆ, ಆದರೂ ಪರವಾಗಿಲ್ಲ. ಹಾರ್ಡ್‌ಡಿಸ್ಕ್‌ನ ಮುಳ್ಳು ಅತ್ತಿಂದಿತ್ತ ಓಡಿ ಹುಡುಕುವ ಕಾಲವೇ ಇಲ್ಲಿ ನಿಜವಾದ ತಡ, ಅದು ಎಸ್‌ಎಸ್‌ಡಿಯಲ್ಲಿ ಇಲ್ಲವೇ ಇಲ್ಲ. ಹಳೇ ಬಯಾಸ್‌ನಲ್ಲಿ ಸಾಟಾ ಮೋಡ್ ಐಡಿಇ ಅಂತಿದ್ದರೆ ಎಎಚ್‌ಸಿಐ ಮಾಡಿ. ವಿಂಡೋಸ್ ಇರುವ ಹಳೇ ಹಾರ್ಡ್‌ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಡಿ. ಬಿಚ್ಚಿ ಪಕ್ಕಕ್ಕೆ ಇಡಿ. ಲಿನಕ್ಸ್ ಸರಿಹೋಗಲಿಲ್ಲ ಅಂದರೆ ಐಡಿಇ ಮೋಡ್‌ಗೆ ವಾಪಸ್ ಹಾಕಿ ಹಳೇ ಡಿಸ್ಕ್ ಸಿಕ್ಕಿಸಿದರಾಯಿತು, ಮತ್ತೆ ನಿಮ್ಮ ವಿಂಡೋಸ್ ಇದ್ದಲ್ಲೇ ಇರುತ್ತದೆ.

ನೆಟ್‌ಬುಕ್ ಬಗ್ಗೆ ಸತ್ಯ ಹೇಳಿಬಿಡುತ್ತೇನೆ. ಎನ್270 ಬರೀ 32 ಬಿಟ್ ಪ್ರೊಸೆಸರ್, ಈಗಿನ 64 ಬಿಟ್ ಸಿಸ್ಟಮ್ ಅದರಲ್ಲಿ ಓಡುವುದಿಲ್ಲ. ಮಿಂಟ್ ತನ್ನ ಮುಖ್ಯ ಆವೃತ್ತಿಯಲ್ಲಿ 2020ರಲ್ಲೇ 32 ಬಿಟ್ ಬಿಟ್ಟಿದೆ. 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13ಕ್ಕೆ (ಇದೂ ಒಂದು ಲಿನಕ್ಸ್) 32 ಬಿಟ್ ಪಿಸಿಯಲ್ಲಿ ಹಾಕುವ ಇನ್‌ಸ್ಟಾಲರೂ ಇಲ್ಲ, ಸಿಸ್ಟಮ್‌ನ ತಿರುಳಾದ ಕರ್ನಲ್ಲೂ ಇಲ್ಲ. ಡೆಬಿಯನ್ 12ರ ಮೇಲೆ ಕಟ್ಟಿದ ಆಂಟಿಎಕ್ಸ್ 23ರಲ್ಲಿ 32 ಬಿಟ್ ಇದೆ, 1 ಜಿಬಿಯಲ್ಲಿ ಆರಾಮಾಗಿ ಏಳುತ್ತದೆ. ತೊಂದರೆ ಬ್ರೌಸರ್‌ದು. ಕ್ರೋಮ್ 32 ಬಿಟ್ ಲಿನಕ್ಸನ್ನು 2016ರಲ್ಲೇ ಕೈಬಿಟ್ಟಿತು. ಫೈರ್‌ಫಾಕ್ಸ್ 144ಕ್ಕೆ ಅಲ್ಲೂ 32 ಬಿಟ್ ಲಿನಕ್ಸ್ ಮುಗೀತು, ಈಗ ಉಳಿದಿರುವುದು 140 ಇಎಸ್‌ಆರ್ (ಸೆಕ್ಯುರಿಟಿ ಅಪ್‌ಡೇಟ್‌ಗಾಗಿ ಉಳಿಸಿಕೊಂಡ ಆವೃತ್ತಿ) ಮಾತ್ರ, ಅದೂ ಹೆಚ್ಚು ಕಾಲಕ್ಕಲ್ಲ. ಹಾಗಾಗಿ ಅದನ್ನು ನೆಟ್‌ಗೆ ಹಾಕಬೇಡಿ. ಮಕ್ಕಳಿಗೆ ಟೈಪಿಂಗ್ ಕಲಿಸಲು ಇಟ್ಟುಕೊಳ್ಳಿ.

ನಾನು ಹೈಸ್ಕೂಲ್ ಮೇಷ್ಟ್ರು. ಎಸ್‌ಟಿಎಫ್ (ಶಿಕ್ಷಕರ ವಿಷಯ ವೇದಿಕೆ) ತರಬೇತಿಯಲ್ಲಿ ಉಬುಂಟು ಅನ್ನುವ ಲಿನಕ್ಸ್ ಕಲಿತವನು. ಪಕ್ಕದ ಕೇರಳದ ಶಾಲೆಗಳು ಅಲ್ಲಿನ ಸರ್ಕಾರದ ಐಟಿ@ಸ್ಕೂಲ್ ಯೋಜನೆಯ ಕಾಲದಿಂದ, ಈಗ ಕೈಟ್ ಹೆಸರಿನಲ್ಲಿ, ಪೂರ್ತಿ ಲಿನಕ್ಸ್‌ನಲ್ಲೇ ನಡೆಯುತ್ತಿವೆ. ಟೈಪಿಂಗ್ ಬರುವವರಿಗೆ ಇದು ಬ್ರಹ್ಮವಿದ್ಯೆ ಏನಲ್ಲ.

ಎಸ್‌ಪಿ_ರೋಡ್_ರಾಜ

ಮೇಷ್ಟ್ರೇ, ಇಷ್ಟೆಲ್ಲಾ ಯಾಕೆ? ರೂಫಸ್ ಅನ್ನುವ ಸಾಫ್ಟ್‌ವೇರ್‌ನಲ್ಲಿ ಇನ್‌ಸ್ಟಾಲ್ ಪೆನ್‌ಡ್ರೈವ್ ಮಾಡುವಾಗ ವಿಂಡೋಸ್ 11 ಕೇಳುವ ಟಿಪಿಎಂ (ಸೆಕ್ಯುರಿಟಿ ಚಿಪ್) ಚೆಕ್ ತೆಗೆಯುವ ಟಿಕ್ ಇದೆ. ವಿಂಡೋಸ್ 11 ಐ3 ಮೇಲೂ ಕೂರುತ್ತದೆ, ನಾನೇ ಎಷ್ಟೋ ಗಿರಾಕಿಗಳಿಗೆ ಹಾಕಿಕೊಟ್ಟಿದ್ದೇನೆ. ಅದೂ ಬೇಡ ಅಂದ್ರೆ ಮೈಕ್ರೋಸಾಫ್ಟ್ ಅಕೌಂಟ್‌ನಲ್ಲಿ ಲಾಗಿನ್ ಆಗಿ ಸೆಟ್ಟಿಂಗ್ಸ್ ಬ್ಯಾಕಪ್ ಆನ್ ಮಾಡಿದರೆ ವಿಂಡೋಸ್ 10ಗೇ ಇನ್ನೊಂದು ವರ್ಷ ಅಪ್‌ಡೇಟ್ ಪುಕ್ಕಟೆ. ಅಂಗಡಿಯವರಿಗೆ ಲಿನಕ್ಸ್ ಹಾಕಿಕೊಟ್ಟರೆ ನಾಳೆ ಪ್ರಿಂಟ್ ಬರಲಿಲ್ಲ ಅಂತ ಫೋನ್ ಬರುವುದು ನಮಗೇ.

ಟಕ್ಸ್_ತಮ್ಮಯ್ಯ

ರಾಜಣ್ಣ, ಕೂರುತ್ತದೆ ನಿಜ, ಎಷ್ಟು ದಿನ ಕೂರುತ್ತದೆ ಅನ್ನುವುದು ಪ್ರಶ್ನೆ. ಅವರ ಪಟ್ಟಿಯಲ್ಲಿ ಇಲ್ಲದ ಮೆಷಿನ್‌ಗೆ ಅಪ್‌ಡೇಟ್ ಕೊಡಲೇಬೇಕೆಂದಿಲ್ಲ ಅಂತ ಮೈಕ್ರೋಸಾಫ್ಟ್ ಬರೆದೇ ಇಟ್ಟಿದೆ. ತಿಂಗಳ ಅಪ್‌ಡೇಟ್ ಈಗ ಬರುತ್ತಿರಬಹುದು, ಆದರೆ ವರ್ಷಕ್ಕೊಮ್ಮೆಯ ದೊಡ್ಡ ಆವೃತ್ತಿ ತಾನಾಗಿ ಬರುವುದಿಲ್ಲ, ಪ್ರತಿ ಸಲ ಇದೇ ಪೆನ್‌ಡ್ರೈವ್ ಸರ್ಕಸ್. ಕೋರ್ 2 ಡ್ಯುಯೋಗಂತೂ ಆ ದಾರಿಯೂ ಮುಚ್ಚಿದೆ. ವಿಂಡೋಸ್ 11ರ 24ಎಚ್2 ಆವೃತ್ತಿಯಿಂದ ಪ್ರೊಸೆಸರ್‌ನಲ್ಲಿ ಎಸ್‌ಎಸ್‌ಇ 4.2 ಮತ್ತು ಪಾಪ್‌ಕೌಂಟ್ ಸೂಚನೆಗಳು ಇರಲೇಬೇಕು, ಕೋರ್ 2 ಡ್ಯುಯೋದಲ್ಲಿ ಅವು ಇಲ್ಲ. ಯಾವ ಚೆಕ್ ತೆಗೆದರೂ ಬೂಟ್ ಆಗುವುದಿಲ್ಲ. ಇನ್ನು ವಿಂಡೋಸ್ 10ರ ಆ ಪುಕ್ಕಟೆ ವರ್ಷ 2026ರ ಅಕ್ಟೋಬರ್ 13ರ ತನಕ. ಅದು ಮನೆ ಬಳಕೆಗೆ ಅಂತ ಕೊಟ್ಟ ಯೋಜನೆ. ಲಿನಕ್ಸ್ ಕಲಿಯುವ ತನಕ ಸಮಯ ತಳ್ಳಲು ಒಳ್ಳೇದೇ, ಬೇಡ ಅನ್ನುವುದಿಲ್ಲ.

ಮಲೆನಾಡ್ ಅವರೇ, ನಿಮ್ಮ ಅಂಗಡಿಗೆ ಲಿನಕ್ಸ್ ಯಾಕೆ ಬೇಕು ಅನ್ನುವುದಕ್ಕೆ ಯಾರೂ ಹೇಳದ ಕಾರಣ ಒಂದಿದೆ: ಗಿರಾಕಿಗಳ ಪೆನ್‌ಡ್ರೈವ್. ಶಾರ್ಟ್‌ಕಟ್ ವೈರಸ್ ಗೊತ್ತಲ್ಲ, ಫೋಲ್ಡರ್ ಎಲ್ಲ ಮಾಯವಾಗಿ ಬರೀ ಬಾಣದ ಗುರುತಿನ ಐಕಾನ್ ಉಳಿಯುತ್ತದೆ, ಅದನ್ನು ಒತ್ತಿದರೆ ನಿಮ್ಮ ಸಿಸ್ಟಮ್‌ಗೂ ಅಂಟುತ್ತದೆ, ಅಲ್ಲಿಂದ ಮುಂದಿನ ಗಿರಾಕಿಯ ಪೆನ್‌ಡ್ರೈವ್‌ಗೂ ಹೋಗುತ್ತದೆ, ಸಂಜೆಯೊಳಗೆ ಇಡೀ ಪೇಟೆಗೆ ಹಂಚಿದ ಪುಣ್ಯ ನಿಮಗೆ. ಅದೇ ಪೆನ್‌ಡ್ರೈವ್ ಲಿನಕ್ಸ್‌ನಲ್ಲಿ ಹಾಕಿದರೆ ಆ ಶಾರ್ಟ್‌ಕಟ್ ಏನೂ ಮಾಡುವುದಿಲ್ಲ. ಅಡಗಿಸಿಟ್ಟ ಅಸಲಿ ಫೋಲ್ಡರ್ ಕೂಡ ಸಾಮಾನ್ಯವಾಗಿ ಹಾಗೇ ಕಾಣುತ್ತದೆ. ಅದಕ್ಕೆ ಹೊರಗಿನ ಪೆನ್‌ಡ್ರೈವ್, ವಾಟ್ಸಾಪ್ ವೆಬ್, ಪಹಣಿ, ಸೇವಾ ಸಿಂಧು ಎಲ್ಲವೂ ಐ3ರ ಮಿಂಟ್‌ನಲ್ಲಿ ನಡೆಯಲಿ.

ಅಕ್ಷರ_ಡಿಟಿಪಿ

ನಾನೂ ಡಿಟಿಪಿಯವನೇ, ಹಾಸನದ ಕಡೆ. ನುಡಿ ವಿಷಯ ನಾನು ಹೇಳುತ್ತೇನೆ, ಮೇಲಿನವರು ಯಾರೂ ಮುಟ್ಟಲಿಲ್ಲ.

ನುಡಿ, ಬರಹ ಎರಡೂ ವಿಂಡೋಸ್‌ಗೇ ಮಾಡಿದ್ದು. ಆದರೆ ನಿಮ್ಮ ಬೆರಳಿಗೆ ರೂಢಿಯಾದ ಕೀಲಿಮಣೆ ಲಿನಕ್ಸ್‌ನಲ್ಲೂ ಇದೆ. ಭಾರತೀಯ ಭಾಷೆಗಳ ಟೈಪಿಂಗ್‌ಗೆ ಬೇಕಾದ ಐಬಸ್ ಮತ್ತು ಎಂ17ಎನ್ ಪ್ಯಾಕೇಜ್ ಹಾಕಿ, ಕನ್ನಡದಲ್ಲಿ ಕೆಜಿಪಿ ಅನ್ನುವ ವಿನ್ಯಾಸ ಆರಿಸಿ. ನುಡಿ ಮಾಡಿದ ಕನ್ನಡ ಗಣಕ ಪರಿಷತ್ತಿನ ಅದೇ ವಿನ್ಯಾಸ, ಎಫ್ ಒತ್ತಿ ಒತ್ತಕ್ಷರ ಹಾಕುವುದು ಎಲ್ಲ ಹಾಗೇ. ವ್ಯತ್ಯಾಸ ಇಷ್ಟೇ, ಬರುವುದು ಯೂನಿಕೋಡ್, ಅಂದರೆ ಯಾವ ಸಿಸ್ಟಮ್‌ನಲ್ಲೂ ಓದಬಹುದಾದ ಕನ್ನಡ. ಫಾಂಟ್‌ಗೆ ಚಿಂತೆ ಇಲ್ಲ, ನೋಟೋ, ಲೋಹಿತ್, ಗುಬ್ಬಿ, ನವಿಲು ಎಲ್ಲ ಸಾಫ್ಟ್‌ವೇರ್ ಮ್ಯಾನೇಜರ್‌ನಲ್ಲೇ ಸಿಗುತ್ತವೆ. ಪ್ರಾಜೆಕ್ಟ್ ರಿಪೋರ್ಟ್, ಅರ್ಜಿ, ಕರಾರು ಪತ್ರ ಇವೆಲ್ಲ ಲಿಬ್ರೆ ಆಫೀಸ್‌ನಲ್ಲಿ ಚೆನ್ನಾಗಿ ಆಗುತ್ತವೆ.

ಹಳೇ ಆಸ್ಕಿ ಫೈಲ್ ಕಥೆ ಬೇರೆ. ನುಡಿ 01 ಇ ಫಾಂಟ್‌ನ ಫೈಲನ್ನು ವಿಂಡೋಸ್‌ನಿಂದ ತಂದು ಲಿನಕ್ಸ್‌ನಲ್ಲಿ ಹಾಕಿಕೊಂಡರೆ ಹಳೇ ಡಾಕ್ಯುಮೆಂಟ್ ಸರಿಯಾಗಿ ಕಾಣುತ್ತದೆ, ಪ್ರಿಂಟೂ ಆಗುತ್ತದೆ, ಯಾಕೆಂದರೆ ಒಳಗೆ ಇರುವುದು ಬರೀ ಇಂಗ್ಲಿಷ್ ಅಕ್ಷರದ ಸಂಕೇತ, ಕನ್ನಡದ ಆಕಾರ ಫಾಂಟ್‌ನದ್ದು. ತಿದ್ದುವುದು ಮಾತ್ರ ಕಷ್ಟ. ತಿದ್ದಲೇಬೇಕಾದರೆ ಆಸ್ಕಿಯಿಂದ ಯೂನಿಕೋಡ್‌ಗೆ ಬದಲಾಯಿಸುವ ಪರಿವರ್ತಕಗಳಿವೆ, ಆದರೆ ಒಮ್ಮೆ ಪೂರ್ತಿ ಓದಿ ನೋಡಿ. ಅರ್ಕಾವತ್ತು ಅಲ್ಲಲ್ಲಿ ಕೈಕೊಡುತ್ತದೆ.

ಲಗ್ನಪತ್ರಿಕೆ ವಿಷಯಕ್ಕೆ ಬರೋಣ. ಇಂಕ್‌ಸ್ಕೇಪ್‌ನಲ್ಲಿ ಯೂನಿಕೋಡ್ ಕನ್ನಡ ಚೆನ್ನಾಗಿ ಬರುತ್ತದೆ, ಸ್ಕ್ರೈಬಸ್‌ನ ಹೊಸ ಆವೃತ್ತಿಯೂ ಒತ್ತಕ್ಷರ ಸರಿಯಾಗಿ ಕೂರಿಸುತ್ತದೆ. ಆದರೆ ಪ್ರೆಸ್‌ನವರು ಕೋರಲ್ ಫೈಲೇ ಕೇಳುತ್ತಾರೆ, ಗಿರಾಕಿ ಹೋದ ವರ್ಷದ ಡಿಸೈನ್‌ನಲ್ಲಿ ಹೆಸರು ಮಾತ್ರ ಬದಲಾಯಿಸಿ ಅಂತಾನೆ. ಅದಕ್ಕೆ ಲಿನಕ್ಸ್‌ನಲ್ಲಿ ಉತ್ತರ ಇಲ್ಲ. ಬೇರೆಯವರು ವೈನ್ (ವಿಂಡೋಸ್ ಸಾಫ್ಟ್‌ವೇರನ್ನು ಲಿನಕ್ಸ್‌ನಲ್ಲಿ ಓಡಿಸುವುದು) ಹಾಕಿ ನೋಡಿ ಅನ್ನಬಹುದು. ಸೀಸನ್ ಮಧ್ಯೆ ಅಂಥ ಪ್ರಯೋಗ ಬೇಡ.

ನಿಮ್ಮ ಎಲ್‌ಬಿಪಿ 2900 ಇದೆಯಲ್ಲ, ಅದೇ ನಿಜವಾದ ತಲೆನೋವು. ಅದು ಕ್ಯಾಪ್ಟ್ ಅನ್ನುವ ಕ್ಯಾನನ್‌ನದ್ದೇ ಭಾಷೆಯಲ್ಲಿ ಮಾತಾಡುವ ಪ್ರಿಂಟರ್. ಲಿನಕ್ಸ್ ಡ್ರೈವರ್ ಇದೆ, ಹಳೇದು, 32 ಬಿಟ್ ಲೈಬ್ರರಿ ಕೇಳುತ್ತದೆ, ಒಂದು ದಿನ ಓಡಿ ಮರುದಿನ ಮುಷ್ಕರ ಹೂಡುತ್ತದೆ. ಬಳಕೆದಾರರೇ ಬರೆದ ಮುಕ್ತ ಡ್ರೈವರ್ ಕೂಡ ಇದೆ, ಕುತೂಹಲ ಇದ್ದವರಿಗೆ ಸರಿ, ಅಂಗಡಿಗೆ ನಾನು ಹೇಳುವುದಿಲ್ಲ. ಎಚ್‌ಪಿ ಲೇಸರ್‌ಜೆಟ್ 1020 ಸೆಕೆಂಡ್ ಹ್ಯಾಂಡ್ ಸಿಕ್ಕರೆ ನೋಡಿ. ಎಚ್‌ಪಿಯದೇ ಲಿನಕ್ಸ್ ಡ್ರೈವರ್ ಆದ ಎಚ್‌ಪಿಲಿಪ್‌ನಲ್ಲಿ ಒಂದು ಪ್ಲಗಿನ್ ಇಳಿಸಿಕೊಂಡರೆ ನಡೆಯುತ್ತದೆ. ಎಪ್ಸನ್ ಎಲ್ ಸರಣಿಯ ಇಂಕ್‌ಟ್ಯಾಂಕ್‌ಗಳಿಗೂ ಡ್ರೈವರ್ ಸಿಗುತ್ತದೆ.

ಮಲೆನಾಡ್_ಜೆರಾಕ್ಸ್

ಎಲ್ಲರಿಗೂ ಥ್ಯಾಂಕ್ಸ್. ಹಾಗಾದರೆ ಕೋರ್ 2 ಡ್ಯುಯೋಗೆ ಏನೂ ಹಾಕದೆ ವಿಂಡೋಸ್ 7ನಲ್ಲೇ ಬಿಡಲಾ? ಅದರಲ್ಲೇ ನುಡಿ, ಕೋರಲ್, 2900 ಮೂರೂ ಇವೆ. ಮತ್ತೆ ಬೆರಳಚ್ಚು ಮೆಷಿನ್ ಒಂದಿದೆ, ಆಧಾರ್‌ನಿಂದ ಹಣ ತೆಗೆದುಕೊಡಲು. ಅದು ಮಿಂಟ್‌ನಲ್ಲಿ ನಡೆಯುತ್ತಾ? ಐ3ಯಲ್ಲಿ ಈಗ ವಾಟ್ಸಾಪ್ ವೆಬ್ ಮತ್ತು ನಾಲ್ಕು ಟ್ಯಾಬ್ ತೆಗೆದರೆ ಸಿಸ್ಟಮ್ ನಿಂತೇಹೋಗುತ್ತೆ, ಮಿಂಟ್ ಹಾಕಿದರೆ ಅದು ಸರಿಹೋಗುತ್ತಾ?

ಗಣಕ_ಮೇಷ್ಟ್ರು

ಬಿಡಿ, ಆದರೆ ನೆಟ್‌ವರ್ಕ್ ವೈರ್ ಕಿತ್ತುಹಾಕಿ. ವೈಫೈ ಡಾಂಗಲ್ ಇದ್ದರೆ ಅದನ್ನೂ. ಅದು ಇನ್ನು ಮೇಲೆ ಪ್ರಿಂಟ್ ಮತ್ತು ಡಿಸೈನ್ ಮಾಡುವ ಮೆಷಿನ್, ಅಷ್ಟೇ. ನಿಮ್ಮದೇ ಒಂದು ಪೆನ್‌ಡ್ರೈವ್ ಮಾತ್ರ ಎರಡರ ಮಧ್ಯೆ ಓಡಾಡಲಿ, ಗಿರಾಕಿಯದು ಮೊದಲು ಮಿಂಟ್‌ಗೆ ಹೋಗಲಿ, ಅಲ್ಲಿ ಪಿಡಿಎಫ್ ಮಾಡಿ, ಆ ಪಿಡಿಎಫ್ ಮಾತ್ರ ಈ ಕಡೆ ಬರಲಿ. ದಿನಕ್ಕೆ ಹತ್ತಿಪ್ಪತ್ತು ಸಲ ಪೆನ್‌ಡ್ರೈವ್ ಕಿತ್ತು ಹಾಕುವುದು ಬೇಜಾರಿನ ಕೆಲಸ, ಒಪ್ಪುತ್ತೇನೆ. ಮಿಂಟ್‌ಗೆ ಬೇರೆ ಪ್ರಿಂಟರ್ ಬರುವ ತನಕ ಹೀಗೇ ನಡೆಸಬೇಕು.

ಬೆರಳಚ್ಚು ಮೆಷಿನ್‌ಗೆ ಬೇಕಾದ ಆರ್‌ಡಿ ಸರ್ವಿಸ್ ಅನ್ನುವ ಸಾಫ್ಟ್‌ವೇರ್ ಸಾಮಾನ್ಯವಾಗಿ ವಿಂಡೋಸ್ ಮತ್ತು ಆಂಡ್ರಾಯ್ಡ್‌ಗೇ ಸಿಗುವುದು. ನಿಮ್ಮ ಕಂಪನಿಯ ಆಪ್ ಫೋನ್‌ನಲ್ಲಿ ಇದ್ದರೆ ಓಟಿಜಿ ಕೇಬಲ್ ಹಾಕಿ ಫೋನ್‌ನಲ್ಲೇ ಮಾಡಿ. ಫೋನ್‌ಗೂ ಅಪ್‌ಡೇಟ್ ಬರುತ್ತಿರಬೇಕು ಅನ್ನುವುದು ಮರೆಯಬೇಡಿ, ಹಳೇ ಫೋನ್ ಆದರೆ ಇದೇ ಕಥೆ ಅಲ್ಲೂ ಶುರು.

ಟಕ್ಸ್_ತಮ್ಮಯ್ಯ

ಟ್ಯಾಬ್ ವಿಷಯಕ್ಕೆ ನಾನು ಹೇಳುತ್ತೇನೆ. ಹಗುರ ಲಿನಕ್ಸ್ ಅನ್ನುವ ಮಾತಿನಲ್ಲಿ ಅರ್ಧ ಮೋಸ ಇದೆ. ಹಗುರ ಇರುವುದು ಡೆಸ್ಕ್‌ಟಾಪ್, ಬ್ರೌಸರ್ ಅಲ್ಲ. ಎಕ್ಸ್‌ಎಫ್‌ಸಿಇ ಸುಮ್ನೆ ನಿಂತಾಗ ಮುಕ್ಕಾಲು ಜಿಬಿ ಆಸುಪಾಸು ತಿನ್ನಬಹುದು, ಲುಬುಂಟುವಿನ ಎಲ್‌ಎಕ್ಸ್‌ಕ್ಯೂಟಿ ಅದಕ್ಕಿಂತ ಕಡಿಮೆ, ಆಂಟಿಎಕ್ಸ್ ಇನ್ನೂ ತುಂಬಾ ಕಡಿಮೆ. ಆದರೆ ವಾಟ್ಸಾಪ್ ವೆಬ್‌ನಂಥ ಒಂದು ಪುಟ ಯಾವ ಲಿನಕ್ಸ್ ಇದ್ದರೂ ನೂರಾರು ಎಂಬಿ ನುಂಗುತ್ತದೆ. ಡೆಸ್ಕ್‌ಟಾಪ್ ಬದಲಾಯಿಸಿ ಉಳಿಸಿದ್ದನ್ನು ಎರಡು ಟ್ಯಾಬ್ ತಿಂದು ಮುಗಿಸುತ್ತವೆ. ಅದಕ್ಕೇ ಮೇಷ್ಟ್ರು ಮೊದಲು ರ‍್ಯಾಮ್ ಹಾಕಿಸಿ ಅಂದಿದ್ದು. 8 ಜಿಬಿ ಆದರೆ ನಿಮ್ಮ ನಾಲ್ಕು ಟ್ಯಾಬ್ ಆರಾಮ.

ಜೊತೆಗೆ ಜಡ್‌ರ‍್ಯಾಮ್ ಹಾಕಿ. ರ‍್ಯಾಮ್‌ನ ಒಂದು ಭಾಗದಲ್ಲಿ ಡೇಟಾ ಒತ್ತಿ ಚಿಕ್ಕದಾಗಿ ಇಡುತ್ತದೆ, ಡಿಸ್ಕ್‌ಗೆ ಓಡುವ ಕೆಲಸ ಕಡಿಮೆಯಾಗುತ್ತದೆ. ಜಡ್‌ರ‍್ಯಾಮ್ ಟೂಲ್ಸ್ ಅಂತ ಪ್ಯಾಕೇಜ್ ಇದೆ. ಫೈರ್‌ಫಾಕ್ಸ್‌ಗೆ ಯುಬ್ಲಾಕ್ ಆರಿಜಿನ್ ಹಾಕಿ, ಜಾಹೀರಾತು ಹೋದರೆ ಹಳೇ ಪ್ರೊಸೆಸರ್‌ಗೆ ನಿಜಕ್ಕೂ ಉಸಿರು ಬರುತ್ತದೆ. ಯೂಟ್ಯೂಬ್ ನೋಡುವುದಾದರೆ ಎಚ್264ಇಫೈ ಎಕ್ಸ್‌ಟೆನ್ಶನ್ ಹಾಕಿ, ಅದು ಎಚ್.264 ರೂಪದ ವಿಡಿಯೋವನ್ನೇ ತರಿಸುತ್ತದೆ. ನಿಮ್ಮ ಐ3ಯ ಗ್ರಾಫಿಕ್ಸ್ ಎಚ್.264 ವಿಡಿಯೋವನ್ನು ತಾನೇ ಬಿಡಿಸಬಲ್ಲದು, ಈಗಿನ ವಿಡಿಯೋ ರೂಪಗಳಾದ ವಿಪಿ9, ಎವಿ1 ಅದಕ್ಕೆ ಬರುವುದಿಲ್ಲ, ಪೂರ್ತಿ ಭಾರ ಪ್ರೊಸೆಸರ್ ಮೇಲೆ ಬೀಳುತ್ತದೆ. ಗ್ರಾಫಿಕ್ಸ್ ಹಾಗೆ ಎಚ್.264 ಬಿಡಿಸಲು ಐ965 ಅನ್ನುವ ಹಳೇ ವಿಡಿಯೋ ಡ್ರೈವರ್ ಬೇಕು, ಹೊಸ ಇಂಟೆಲ್ ಮೀಡಿಯಾ ಡ್ರೈವರ್ ಆ ಕಾಲದ ಚಿಪ್ ಹಿಡಿಯುವುದಿಲ್ಲ.

ಹಳೇ_ಡಬ್ಬ

ಇನ್ನೊಂದು ಟಿಪ್: ಬೂಟ್ ಮೆನುವಿನಲ್ಲಿ ಮಿಟಿಗೇಶನ್ಸ್ ಆಫ್ ಅಂತ ಸೇರಿಸಿದರೆ ಹಳೇ ಇಂಟೆಲ್ ಪ್ರೊಸೆಸರ್ ಸ್ವಲ್ಪ ಚುರುಕಾಗುತ್ತದೆ. ಪಪ್ಪಿಯನ್ನೂ ಯಾಕೆ ಬಿಟ್ಟಿರಿ, ಅದು ಪೂರ್ತಿ ರ‍್ಯಾಮ್‌ನಲ್ಲೇ ಓಡುತ್ತೆ, ರಾಕೆಟ್!

ಟಕ್ಸ್_ತಮ್ಮಯ್ಯ

ಡಬ್ಬಣ್ಣ, ಮನೆಯಲ್ಲಿ ಹಳೇ ಗೇಮ್ ಆಡುವ ಪಿಸಿಗೆ ಮಾಡಿಕೊಳ್ಳಿ. 2018ರಲ್ಲಿ ಹೊರಬಿದ್ದ ಮೆಲ್ಟ್‌ಡೌನ್, ಸ್ಪೆಕ್ಟರ್ ಎಂಬ ಪ್ರೊಸೆಸರ್ ದೋಷಗಳಿಗೆ ಕರ್ನಲ್‌ನಲ್ಲಿ ಹಾಕಿದ ಅಡ್ಡಗೋಡೆ ಅದು. ಕೋರ್ 2 ಕಾಲದ ಚಿಪ್‌ಗಳಿಗೆ ಸ್ಪೆಕ್ಟರ್‌ನ ಮೈಕ್ರೋಕೋಡ್ (ಪ್ರೊಸೆಸರ್ ಒಳಗಿನ ಸಾಫ್ಟ್‌ವೇರ್) ಪರಿಹಾರವನ್ನೇ ಇಂಟೆಲ್ ಕೊಡಲಿಲ್ಲ, ಇರುವುದು ಕರ್ನಲ್‌ನ ರಕ್ಷಣೆ ಒಂದೇ. ಸಪೋರ್ಟ್ ಮುಗೀತು ಅಂತ ಸಿಸ್ಟಮ್ ಬದಲಾಯಿಸುತ್ತಿರುವವರಿಗೆ ಇರುವ ರಕ್ಷಣೆ ತೆಗೆದುಹಾಕಿ ಅಂತ ಹೇಳುವುದಾ? ಪಪ್ಪಿ ನನಗೂ ಇಷ್ಟ, ಸತ್ತ ಹಾರ್ಡ್‌ಡಿಸ್ಕ್‌ನಿಂದ ಫೋಟೋ ಎತ್ತಲು ಅದಕ್ಕಿಂತ ಒಳ್ಳೇದಿಲ್ಲ. ಆದರೆ ಅಲ್ಲಿ ಸಾಮಾನ್ಯವಾಗಿ ಕೆಲಸ ನಡೆಯುವುದು ರೂಟ್ (ಪೂರ್ತಿ ಅಧಿಕಾರ ಇರುವ ಬಳಕೆದಾರ) ಆಗಿಯೇ, ನಾಲ್ಕು ಜನ ಮುಟ್ಟುವ ಅಂಗಡಿ ಕೌಂಟರ್‌ಗೆ ಅದು ಆಗಿಬರುವುದಿಲ್ಲ.

ಅಕ್ಷರ_ಡಿಟಿಪಿ

ಮಲೆನಾಡ್ ಅವರೇ, ಇನ್‌ಸ್ಟಾಲ್ ಮಾಡುವ ಮುಂಚೆ ವೆಂಟಾಯ್ (ಒಂದೇ ಪೆನ್‌ಡ್ರೈವ್‌ನಿಂದ ಹಲವು ಸಿಸ್ಟಮ್ ಬೂಟ್ ಮಾಡಿಸುವುದು) ಹಾಕಿದ ಪೆನ್‌ಡ್ರೈವ್‌ಗೆ ಮಿಂಟ್, ಲುಬುಂಟು ಎರಡರ ಐಎಸ್‌ಓ ಫೈಲೂ ಹಾಕಿ ಲೈವ್‌ನಲ್ಲಿ, ಅಂದರೆ ಡಿಸ್ಕ್‌ಗೆ ಇಳಿಸದೆ ನೋಡಿ. ಸ್ಕ್ಯಾನರ್ ಸಿಕ್ಕಿಸಿ, ವೈಫೈ ನೋಡಿ, ನಿಮ್ಮ ಮಾಮೂಲಿ ಸರ್ಕಾರಿ ಸೈಟ್ ಎಲ್ಲ ಒಮ್ಮೆ ತೆರೆಯಿರಿ. ವೈಫೈ ಬರದಿದ್ದರೆ ಗಾಬರಿ ಬೇಡ, ಬ್ರಾಡ್‌ಕಾಮ್ ಚಿಪ್‌ಗಳಲ್ಲಿ ಇದು ಮಾಮೂಲಿ. ಫೋನನ್ನು ಯುಎಸ್‌ಬಿಯಲ್ಲಿ ಸಿಕ್ಕಿಸಿ ಟೆದರಿಂಗ್ ಆನ್ ಮಾಡಿ ನೆಟ್ ತಗೊಂಡರೆ ಡ್ರೈವರ್ ಮ್ಯಾನೇಜರ್ ಉಳಿದದ್ದು ನೋಡಿಕೊಳ್ಳುತ್ತದೆ.

ಎಸ್‌ಪಿ_ರೋಡ್_ರಾಜ

ಸರಿ, ನನ್ನ ಕಡೆಯಿಂದಲೂ ಒಂದು. ಸಿಪಿಯು ಬಿಚ್ಚಿದಾಗ ಸಿಆರ್2032 ಸೆಲ್ ಬದಲಾಯಿಸಿಬಿಡಿ. ಹಳೇ ಬೋರ್ಡ್‌ನಲ್ಲಿ ಆ ಸೆಲ್ ಸತ್ತಿರುತ್ತದೆ, ಕರೆಂಟ್ ಹೋಗಿ ಬಂದರೆ ತಾರೀಖು ಎಷ್ಟೋ ವರ್ಷ ಹಿಂದಕ್ಕೆ ಹೋಗುತ್ತದೆ, ಆಮೇಲೆ ಒಂದು ಸೈಟೂ ತೆರೆಯುವುದಿಲ್ಲ, ಸರ್ಟಿಫಿಕೇಟ್ ತಪ್ಪು ಅನ್ನುತ್ತದೆ. ಲಿನಕ್ಸ್‌ನ ಅಪ್‌ಡೇಟ್ ಕೂಡ ಹಠ ಮಾಡುತ್ತದೆ. ಜನ ಅದನ್ನೇ ವೈರಸ್ ಅಂದುಕೊಂಡು ಫಾರ್ಮ್ಯಾಟ್‌ಗೆ ತರುತ್ತಾರೆ. ಜಿ31ಗೆ ಡಿಡಿಆರ್2 ಹಾಕಿಸಲು ಹೋಗಬೇಡಿ, ಆ ಬೋರ್ಡ್ 4 ಜಿಬಿಗೇ ನಿಲ್ಲುತ್ತದೆ, ನೆಟ್ ಇಲ್ಲದ ಮೆಷಿನ್‌ಗೆ 2 ಸಾಕು. ಅದರ ಹಾರ್ಡ್‌ಡಿಸ್ಕ್‌ನ ಬ್ಯಾಕಪ್ ಮಾತ್ರ ಈ ವಾರವೇ ತೆಗೆಯಿರಿ.

ಮಲೆನಾಡ್_ಜೆರಾಕ್ಸ್

ಸೆಲ್ ವಿಷಯ ನಿಜ ರಾಜಣ್ಣ, ಕೋರ್ 2 ಡ್ಯುಯೋದಲ್ಲಿ ದಿನಾ ಬೆಳಿಗ್ಗೆ ಎಫ್1 ಒತ್ತಿಯೇ ಆನ್ ಮಾಡುತ್ತಿದ್ದೇನೆ. ಎಸ್‌ಎಸ್‌ಡಿ, ರ‍್ಯಾಮ್ ಶಿವಮೊಗ್ಗದಿಂದ ತರಿಸುತ್ತೇನೆ. ಕೊನೇದೊಂದು ಪ್ರಶ್ನೆ. ನಮ್ಮಲ್ಲಿ ನೆಟ್ ಮೊಬೈಲ್ ಹಾಟ್‌ಸ್ಪಾಟ್‌ದು, ಮಿಂಟ್ ಅಪ್‌ಡೇಟ್ ದಿನಾ ಡೇಟಾ ತಿನ್ನುತ್ತಾ?

ಗಣಕ_ಮೇಷ್ಟ್ರು

ಮೊದಲ ಸಲ ಜಾಸ್ತಿ ಇಳಿಸುತ್ತದೆ, ಅದನ್ನು ರಾತ್ರಿ ಮಾಡಿ. ಆಮೇಲೆ ನೀವು ಹೇಳಿದಾಗ ಮಾತ್ರ ಹಾಕಿಕೊಳ್ಳುತ್ತದೆ, ಕೆಲಸದ ಮಧ್ಯೆ ತಾನಾಗಿ ರೀಸ್ಟಾರ್ಟ್ ಆಗುವುದಿಲ್ಲ. ಹಾಗಂತ ತಿಂಗಳುಗಟ್ಟಲೆ ಮುಂದೂಡಬೇಡಿ. ಕೆಳಗೆ ಗುರಾಣಿ ಐಕಾನ್ ಮೇಲೆ ಕೆಂಪು ಅಥವಾ ಕಿತ್ತಳೆ ಚುಕ್ಕೆ ಕಂಡರೆ ಪಟ್ಟಿ ತೆರೆದು ನೋಡಿ, ಸೆಕ್ಯುರಿಟಿ ಗುರುತಿರುವುದನ್ನೂ ಫೈರ್‌ಫಾಕ್ಸನ್ನೂ ಆಗಿಂದಾಗ್ಗೆ ಹಾಕಿ, ಉಳಿದದ್ದು ಭಾನುವಾರಕ್ಕೆ ಇರಲಿ. ಫ್ಲಾಟ್‌ಪ್ಯಾಕ್ ರೂಪದ ಸಾಫ್ಟ್‌ವೇರ್ ಹಾಕಬೇಡಿ, ಅವು ಡೇಟಾನೂ ಜಾಸ್ತಿ, ಜಾಗವೂ ಜಾಸ್ತಿ. ಸಾಫ್ಟ್‌ವೇರ್ ಮ್ಯಾನೇಜರ್‌ನಲ್ಲಿ ಎರಡು ರೂಪ ತೋರಿಸಿದರೆ ಸಿಸ್ಟಮ್ ಪ್ಯಾಕೇಜ್ ಅಂತ ಇರುವುದನ್ನು ಆರಿಸಿ.